ಹೇಳಿದ್ದು ಹೇಳಿದ ಹಾಗೆ

ತಪ್ಪು ನನ್ನದೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ಬಾಯಿ ಬಿಡಿಸುವ ಕಷ್ಟ ಯಾರಿಗೂ ಬೇಡ. ನಲವತ್ತು ನಿಮಿಷದ ಪಾಠವೊಂದನ್ನು, ಮೇಷ್ಟ್ರ ಕೆಮ್ಮಿನ ಸಮೇತ, ಹಾಕಬಾರದ ಗ್ರೂಪಿಗೆ ಹಾಕಿದವಳು ನಾನು. ಅಷ್ಟಕ್ಕೆ ಕ್ಷಮೆ ಕೇಳಿದ್ದೇನೆ, ಬರೆದೂ ಕೊಟ್ಟಿದ್ದೇನೆ. ಅದಾದ ಮೇಲೆ ನಡೆದದ್ದಕ್ಕೆ ಕೇಳಿಲ್ಲ, ಕೇಳುವುದೂ ಇಲ್ಲ.

ನಾವು ಭೂಗರ್ಭಶಾಸ್ತ್ರದ ಕೊನೆಯ ವರ್ಷದ ಹತ್ತೊಂಬತ್ತು ಜನ. ವಿಶ್ವವಿದ್ಯಾಲಯದ ಹಿಂಬದಿಯ ಕಟ್ಟಡದಲ್ಲಿ, ಎರಡನೇ ಮಹಡಿಯಲ್ಲಿ ನಮ್ಮ ವಿಭಾಗ. ಇಷ್ಟೊಂದು ಕಲ್ಲನ್ನು ಮೇಲಿನ ಮಹಡಿಗೆ ಹೊರಿಸಿದ ಪುಣ್ಯಾತ್ಮ ಯಾರೋ ಗೊತ್ತಿಲ್ಲ. ಕಾರಿಡಾರಿನ ಉದ್ದಕ್ಕೂ ಮರದ ಟ್ರೇಗಳು, ಟ್ರೇ ತುಂಬ ಕಲ್ಲುಗಳು, ಪ್ರತಿ ಕಲ್ಲಿನ ಮೇಲೂ ಬಿಳಿ ಬಣ್ಣದಲ್ಲಿ ಬರೆದ ಒಂದು ನಂಬರು. ತರಗತಿಯ ಬೆಂಚುಗಳ ಮೇಲೂ ಅವುಗಳದೇ ಧೂಳು.

ನಮ್ಮಲ್ಲಿ ಒಬ್ಬಳಿಗೆ ಕಿವಿ ಕೇಳುವುದಿಲ್ಲ. ಹನ್ನೆರಡನೇ ವಯಸ್ಸಿನಲ್ಲಿ ಜ್ವರ ಬಂತಂತೆ, ಹೋಗುವಾಗ ಕಿವಿಯನ್ನೂ ತೆಗೆದುಕೊಂಡು ಹೋಯಿತು. ಮಾತು ಬರುತ್ತದೆ. ಆದರೆ ತನ್ನ ದನಿ ಎಲ್ಲಿ ಏರಿತು, ಎಲ್ಲಿ ಇಳಿಯಿತು ಎಂದು ತನಗೇ ತಿಳಿಯುವುದಿಲ್ಲವಾದ್ದರಿಂದ ನಮ್ಮ ಹತ್ತಿರ ಬಿಟ್ಟರೆ ಬೇರೆಯವರ ಮುಂದೆ ಬಾಯಿ ತೆರೆಯುವವಳಲ್ಲ. ನಮಗಿಂತ ಒಂದು ವರ್ಷ ದೊಡ್ಡವಳು. ಹೋದ ವರ್ಷ ಒಂದು ವಿಷಯದಲ್ಲಿ ಫೇಲಾಗಿ ನಮ್ಮ ಜೊತೆಗೆ ಬಂದು ಕೂತಳು. ಬಂದ ಮೊದಲ ದಿನವೇ ನನ್ನ ನೋಟ್ಸ್ ತೆಗೆದುಕೊಂಡು ಹೋಗಿ, ಮಾರನೇ ದಿನ ಹದಿನೇಳು ತಪ್ಪು ತಿದ್ದಿ ವಾಪಸ್ಸು ಕೊಟ್ಟಳು. ಅವತ್ತಿನಿಂದ ಅವಳು ತಿದ್ದಮ್ಮ.

ಅವಳು ಫೇಲಾದದ್ದು ಬಂಡೆ ಮೇಷ್ಟ್ರ ವಿಷಯದಲ್ಲಿ. ಭೂಮಿಯೊಳಗಿನ ಶಾಖಕ್ಕೆ, ಒತ್ತಡಕ್ಕೆ ಸಿಕ್ಕಿ ರೂಪ ಬದಲಿಸಿಕೊಂಡ ಕಲ್ಲುಗಳ ಬಗ್ಗೆ ಅವರು ಪಾಠ ಮಾಡುತ್ತಾರೆ. ಪುಸ್ತಕ ಮುಟ್ಟುವುದಿಲ್ಲ. ತಾವು ತರಗತಿಯಲ್ಲಿ ಹೇಳಿದ್ದನ್ನೇ ಪರೀಕ್ಷೆಯಲ್ಲಿ ಕೇಳುತ್ತಾರೆ. ಹೇಳುವುದೂ ನಮಗಲ್ಲ, ಕಪ್ಪು ಹಲಗೆಗೆ. ಅಪರೂಪಕ್ಕೆ ಇತ್ತ ತಿರುಗಿದರೂ ಮೂಗಿನ ಕೆಳಗೆ ಅಷ್ಟು ದಪ್ಪ ಮೀಸೆ. ತುಟಿ ನೋಡಿ ಮಾತು ತಿಳಿದುಕೊಳ್ಳುವ ತಿದ್ದಮ್ಮ ಇಡೀ ವರ್ಷ ಅವರ ಬೆನ್ನು ನೋಡಿಕೊಂಡು ಕೂತಿದ್ದಳು. ಒಂದೇ ವಿಷಯದಲ್ಲಿ ಎರಡು ಸಲ ಫೇಲಾದರೆ ಕೋರ್ಸಿನಿಂದ ಹೆಸರು ತೆಗೆಯುತ್ತಾರೆ. ಈ ಸಲ ಕೈತಪ್ಪಿದರೆ ಅವಳ ನಾಲ್ಕು ವರ್ಷದ ಓದು ನೀರುಪಾಲು.

ಅದಕ್ಕೇ ನಾವು ಪಾಳಿ ಮಾಡಿಕೊಂಡೆವು. ಒಂದೊಂದು ಪೀರಿಯಡ್ಡಿಗೆ ಒಬ್ಬೊಬ್ಬರು ಮೇಷ್ಟ್ರು ಹೇಳಿದ್ದನ್ನು ಮೊಬೈಲಿನಲ್ಲಿ ಟೈಪ್ ಮಾಡಿ ನಮ್ಮ ಕ್ಲಾಸಿನ ಗ್ರೂಪಿಗೆ ಹಾಕುತ್ತಾ ಹೋಗುವುದು. ತಿದ್ದಮ್ಮ ಮೂರನೇ ಬೆಂಚಿನಲ್ಲಿ ಒಂದು ಕಲ್ಲಿಗೆ ತನ್ನ ಮೊಬೈಲ್ ಒರಗಿಸಿಕೊಂಡು ಓದುವುದು. ಮೊದಮೊದಲು ಹುಡುಗರು ಮುಖ್ಯವಾದದ್ದನ್ನಷ್ಟೇ ಹಾಕುತ್ತಿದ್ದರು. ಒಂದು ವಾರ ನೋಡಿದಳು, ಆಮೇಲೆ ನಮ್ಮನ್ನೆಲ್ಲ ಕೂರಿಸಿಕೊಂಡು ಝಾಡಿಸಿದಳು.

"ನೀವೆಲ್ಲ ನಕ್ಕಾಗ ಯಾಕೆ ನಕ್ಕಿದ್ದು ಅಂತ ಕೇಳಿದ್ರೆ 'ಏನಿಲ್ಲ ಬಿಡು' ಅಂತೀರ. ಮನೇಲೂ ಅದೇ, ಬಸ್ಸಲ್ಲೂ ಅದೇ. ಹತ್ತು ವರ್ಷದಿಂದ ಆ 'ಏನಿಲ್ಲ ಬಿಡು' ಕೇಳಿ ನಂಗೆ ಸಾಕಾಗಿದೆ. ಯಾವ್ದು ಮುಖ್ಯ ಅಂತ ನಾನು ನೋಡ್ಕೋತೀನಿ. ನೀವು ಎಲ್ಲಾ ಬರೀರಿ."

ಅಂದಿನಿಂದ ಎಲ್ಲವನ್ನೂ ಬರೆದೆವು. ಮೇಷ್ಟ್ರು ಕೆಮ್ಮಿದರೆ 'ಕೆಮ್ಮು', ಸೀಮೆಸುಣ್ಣ ಹುಡುಕಿದರೆ 'ಸೀಮೆಸುಣ್ಣ ಹುಡುಕುತ್ತಿದ್ದಾರೆ, ಅದು ಅವರ ಜೇಬಿನಲ್ಲೇ ಇದೆ'. ಈ ಕೆಲಸದಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ನಮ್ಮಮ್ಮ ಕೋರ್ಟಿನಲ್ಲಿ ಸ್ಟೆನೋ. ಸಾಕ್ಷಿ ಅತ್ತರೂ ಬರೆಯಬೇಕು, ವಕೀಲ ಬೈದರೂ ಬರೆಯಬೇಕು, ಬರೆಯುವವಳು ತನ್ನ ಬುದ್ಧಿಯನ್ನು ಮನೆಯಲ್ಲಿಟ್ಟು ಬರಬೇಕು ಅನ್ನುವುದು ಅವಳ ಪಾಠ. ನನಗೆ ಬುದ್ಧಿಗಿಂತ ಸಿಟ್ಟು ಜಾಸ್ತಿ, ಅದು ಮೂಗಿನ ತುದಿಯಲ್ಲೇ ಇರುತ್ತದೆ. ಆದರೆ ಬೆರಳುಗಳು ಅಮ್ಮನವು.

ಇನ್ನು ನನ್ನ ತಪ್ಪಿಗೆ ಬರುತ್ತೇನೆ. ನಮ್ಮ ಗ್ರೂಪಲ್ಲದೆ ವಿಭಾಗದ್ದೇ ಒಂದು ಗ್ರೂಪಿದೆ. ಅದರಲ್ಲಿ ವಿಭಾಗದ ಮುಖ್ಯಸ್ಥರಾದ ಹೆಚ್‌ಓಡಿ, ಎಲ್ಲ ಮೇಷ್ಟ್ರುಗಳು, ಎಲ್ಲ ವರ್ಷದ ವಿದ್ಯಾರ್ಥಿಗಳು ಸೇರಿ ನೂರ ನಲವತ್ತು ಜನ. ಅಲ್ಲಿ ನೋಟಿಸು ಬರುತ್ತದೆ, ನಾವು 'ಸರಿ ಸರ್' ಎನ್ನುತ್ತೇವೆ, ಅಲ್ಲಿಗೆ ಮುಗಿಯಿತು. ಅವತ್ತು ಬೆಳಗ್ಗೆ ಪ್ರವಾಸದ ಬಸ್ಸು ಹೊರಡುವ ಸಮಯದ ನೋಟಿಸು ಬಂತು. ನಾನು 'ಸರಿ ಸರ್' ಎಂದೆ. ಬಂಡೆ ಮೇಷ್ಟ್ರು ಒಳಗೆ ಬಂದರು. ನನ್ನ ಪಾಳಿ. ಅಲ್ಲಿಂದ ಆಚೆ ಬರದೆ, ಅಲ್ಲೇ ಟೈಪ್ ಮಾಡತೊಡಗಿದೆ.

ಟೈಪ್ ಮಾಡುವಾಗ ನಾನು ತಲೆ ಎತ್ತುವುದಿಲ್ಲ. ಹತ್ತನೇ ನಿಮಿಷಕ್ಕೆ ನನ್ನ ಮೊಣಕೈಗೆ ಒಂದು ಸಣ್ಣ ಕಲ್ಲು ಬಂದು ಬಿತ್ತು. ಹಿಂದಿನ ಬೆಂಚಿನ ಹುಡುಗರ ಕಿತಾಪತಿ ಅಂದುಕೊಂಡು ಸುಮ್ಮನಾದೆ. ಇನ್ನೊಂದು ಕಲ್ಲು ಬಿತ್ತು. ಆಮೇಲೆ ಗೊತ್ತಾಯಿತು, ಎಸೆದವಳು ತಿದ್ದಮ್ಮ. 'ತಪ್ಪು ಜಾಗಕ್ಕೆ ಹಾಕ್ತಿದ್ದೀಯ' ಎಂದು ನಮ್ಮ ಗ್ರೂಪಿನಲ್ಲಿ ಆರು ಸಲ ಬರೆದಿದ್ದಳು. ನಾನು ನಮ್ಮ ಗ್ರೂಪಿನಲ್ಲಿ ಇದ್ದರೆ ತಾನೇ ನೋಡುವುದು.

ಬರೀ ಪಾಠವಾಗಿದ್ದರೆ ನೂರ ನಲವತ್ತು ಜನ ನಕ್ಕು ಮರೆಯುತ್ತಿದ್ದರು. ಆದರೆ ಅವತ್ತು ಮೇಷ್ಟ್ರು ಕಲ್ಲಿನ ತೆಳು ಬಿಲ್ಲೆಯೊಂದನ್ನು ಬೆಳಕಿಗೆ ಹಿಡಿದು, ಇದನ್ನು ಮೈಕ್ರೋಸ್ಕೋಪಿನಲ್ಲಿ ತೋರಿಸಬೇಕಿತ್ತು ಎಂದು ಗೊಣಗಿದರು. ಆಮೇಲೆ ಬೋರ್ಡಿನ ಕಡೆ ತಿರುಗಿ ಹೇಳಿದ್ದನ್ನು ನಾನು ಹೀಗೆ ಬರೆದಿದ್ದೆ: 'ಹೊಸ ಮೈಕ್ರೋಸ್ಕೋಪ್ ಬಂದು ಒಂದೂವರೆ ವರ್ಷ ಆಯ್ತು. ಹೆಚ್‌ಓಡಿ ರೂಮಲ್ಲಿ ಬಟ್ಟೆ ಹೊದ್ಕೊಂಡು ಮಲಗಿದೆ. ಅವರೂ ಕಲ್ಲು ಮುಟ್ಟಿ ಹತ್ತು ವರ್ಷ ಆಯ್ತು. ಇಬ್ಬರದೂ ಜೋಡಿ ಚೆನ್ನಾಗಿದೆ. (ಕ್ಲಾಸೆಲ್ಲ ನಗು. ಮೇಷ್ಟ್ರಿಗೂ ನಗು. ಕೆಮ್ಮು.)'

ಹೆಚ್‌ಓಡಿ ಅದನ್ನು ಒಂದು ಮೀಟಿಂಗಿನಲ್ಲಿ ಕೂತು ಓದಿದರಂತೆ.

ಮಧ್ಯಾಹ್ನವೇ ಕರೆ ಬಂತು. ಅವರ ಕೋಣೆಯಲ್ಲಿ ಮೈಕ್ರೋಸ್ಕೋಪ್ ಇತ್ತು, ಬಟ್ಟೆಯೂ ಇತ್ತು. ಬಂಡೆ ಮೇಷ್ಟ್ರು ಕುರ್ಚಿಯ ತುದಿಯಲ್ಲಿ ಕೂತು ನೆಲ ನೋಡುತ್ತಿದ್ದರು. ಮುಖ್ಯಸ್ಥರು ಕೂಗಾಡುವವರಲ್ಲ. ಕನ್ನಡಕ ತೆಗೆದು ಒರೆಸುತ್ತಾ ಮೆತ್ತಗೆ ಕೇಳಿದರು.

"ಇದನ್ನ ಬರ್ದಿದ್ದು ನೀನೇನಮ್ಮಾ?"

"ಬರ್ದಿದ್ದು ನಾನು. ಹೇಳಿದ್ದು ನಾನಲ್ಲ ಸರ್."

ಅವರು ಮೇಷ್ಟ್ರ ಕಡೆ ನೋಡಿದರು. ಮೇಷ್ಟ್ರು ಮೀಸೆಯೊಳಗೇ ಏನೋ ಅಂದರು. ನನಗೇ ಕೇಳಿಸಲಿಲ್ಲ. 'ಹೌದು, ನಾನೇ ಹೇಳಿದ್ದು' ಅನ್ನುವುದಕ್ಕೆ ಎಷ್ಟು ಹೊತ್ತು ಬೇಕು? ಅವರು ಅನ್ನಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು.

"ಸರಿ," ಎಂದರು ಮುಖ್ಯಸ್ಥರು. "ಸೋಮವಾರದಿಂದ ಕ್ಲಾಸಿನ ಬಾಗಿಲ ಒಳಗೆ ಯಾರೂ ಮೊಬೈಲ್ ತರೋ ಹಾಗಿಲ್ಲ. ಹೊರಗೆ ಟ್ರೇ ಇಡ್ತಾರೆ, ಅದರಲ್ಲಿ ಹಾಕಿ ಒಳಗೆ ಹೋಗಿ."

"ಕಿವಿ ಕೇಳದವಳು ಏನು ಮಾಡ್ಬೇಕು ಸರ್?"

"ನೋಟ್ಸ್ ಕೊಡ್ತಾರೆ. ಮೊಬೈಲ್ ಬರೋಕ್ಕೆ ಮುಂಚೆ ಅಂಥವರು ಓದ್ಲಿಲ್ವಾ?"

"ಓದ್ಲಿಲ್ಲ ಸರ್. ಮನೇಲಿ ಕೂತಿದ್ರು."

"ನಿನ್ನ ನಾಲಿಗೆ ಸ್ವಲ್ಪ ಉದ್ದ," ಎಂದರು ಅವರು, ಅಷ್ಟೇ ಮೆತ್ತಗೆ. "ತಪ್ಪೊಪ್ಪಿಗೆ ಬರ್ಕೊಡು. ಇನ್ನೊಂದ್ಸಲ ಇಂಥದ್ದಾದ್ರೆ ಪರೀಕ್ಷೆಗೆ ಕೂರೋಕೆ ಬಿಡಲ್ಲ."

ಬರೆದುಕೊಟ್ಟೆ. ತಪ್ಪು ಜಾಗಕ್ಕೆ ಹಾಕಿದ್ದಕ್ಕೆ ಕ್ಷಮೆ ಇರಲಿ ಎಂದಷ್ಟೇ ಬರೆದೆ. ಬರೆದದ್ದು ಸುಳ್ಳು ಎಂದು ಒಂದು ಸಾಲು ಸೇರಿಸು ಎಂದರು. ಸೇರಿಸಲಿಲ್ಲ.

ಸೋಮವಾರ ಬಾಗಿಲಿಗೆ ನೋಟಿಸು ಬಂತು, ಹೊರಗೆ ಟ್ರೇ ಬಂತು. ಅದರಲ್ಲಿದ್ದ ಕಲ್ಲುಗಳನ್ನು ಯಾರೋ ನೆಲಕ್ಕೆ ಸುರಿದಿದ್ದರು. ನಾವು ಸಾಲಾಗಿ ಮೊಬೈಲ್ ಹಾಕಿ ಒಳಗೆ ಹೋದೆವು. ಮೇಷ್ಟ್ರು ಬೋರ್ಡಿನ ಕಡೆ ತಿರುಗಿ ಶುರು ಮಾಡಿದರು. ನಾನು ಕೈಯಲ್ಲೇ ಬರೆದು ಚೀಟಿ ದಾಟಿಸಿದೆ. ಒಂದು ಚೀಟಿ ಅವಳ ಬೆಂಚು ತಲುಪುವಷ್ಟರಲ್ಲಿ ಮೇಷ್ಟ್ರು ಮೂರು ವಾಕ್ಯ ಮುಂದೆ ಹೋಗಿರುತ್ತಿದ್ದರು. ನನ್ನ ಅಕ್ಷರವೂ ಅಷ್ಟಕ್ಕಷ್ಟೆ. ಕಾಲು ಗಂಟೆಯ ಮೇಲೆ ತಿದ್ದಮ್ಮ ಚೀಟಿ ಬಿಡಿಸಿ ನೋಡುವುದನ್ನೇ ನಿಲ್ಲಿಸಿದಳು. ಮೊಬೈಲಿಗೆ ಒರಗು ಕೊಡುತ್ತಿದ್ದ ಕಲ್ಲನ್ನು ಮುಂದಿಟ್ಟುಕೊಂಡು ಅದನ್ನೇ ನೋಡುತ್ತಾ ಕೂತಳು. ಕೊಡುತ್ತೇವೆ ಅಂದ ನೋಟ್ಸ್ ಗುರುವಾರ ಬಂತು. ಮೂರು ಪಾಠ ಸೇರಿ ಒಂದೂವರೆ ಪುಟ.

ಅವತ್ತು ಸಂಜೆ ಬಸ್ ಸ್ಟಾಪಿನಲ್ಲಿ ನಾನು ಅವಳಿಗೆ ನನ್ನ ದೊಡ್ಡ ದೊಡ್ಡ ಯೋಜನೆಗಳನ್ನೆಲ್ಲ ಹೇಳಿದೆ. ಕುಲಪತಿಗಳಿಗೆ ದೂರು ಕೊಡೋಣ, ಪತ್ರಿಕೆಗೆ ಬರೆಯೋಣ, ಗೇಟಿನ ಮುಂದೆ ಕೂರೋಣ. ಅವಳು ನನ್ನ ತುಟಿಯನ್ನೇ ನೋಡುತ್ತಿದ್ದಳು. ಮುಗಿದ ಮೇಲೆ ಹೇಳಿದಳು.

"ನಿಂಗೆ ಜಗಳ ಬೇಕು ಕಣೇ. ನಂಗೆ ಪಾಠ ಬೇಕು. ಪರೀಕ್ಷೆಗೆ ಐದು ವಾರ ಇದೆ. ದೂರಿಗೆ ಉತ್ತರ ಬರೋಷ್ಟರಲ್ಲಿ ನಾನು ಮನೇಲಿರ್ತೀನಿ."

ನನಗೆ ಮುಖಕ್ಕೆ ಹೊಡೆದ ಹಾಗಾಯಿತು. ಅವಳು ಬ್ಯಾಗಿನಿಂದ ನೋಟಿಸಿನ ಪ್ರತಿ ತೆಗೆದು, ಪೆನ್ನಿನಲ್ಲಿ ಒಂದು ಸಾಲಿನ ಕೆಳಗೆ ಗೆರೆ ಎಳೆದು ನನ್ನ ಕೈಗಿಟ್ಟಳು. 'ತರಗತಿಯ ಬಾಗಿಲ ಒಳಗೆ ಮೊಬೈಲ್ ತರುವಂತಿಲ್ಲ.'

"ಒಳಗೆ ತಾನೇ? ನಾವು ಹೊರಗೆ ಕೂರೋಣ," ಎಂದಳು.

ಮನೆಗೆ ಹೋಗಿ ಅಮ್ಮನಿಗೆ ಹೇಳಿದೆ. ಅಮ್ಮ ನೋಟಿಸನ್ನು ಎರಡು ಸಲ ಓದಿದಳು. ದಿನವಿಡೀ ಕೋರ್ಟಿನಲ್ಲಿ ಕೂತು ಬಂದವಳ ಕಣ್ಣು ಕೆಂಪಾಗಿತ್ತು.

"ನಿನ್ನ ಪರೀಕ್ಷೆಗೂ ಕುತ್ತು ಬರುತ್ತೆ, ಗೊತ್ತು ತಾನೇ?"

"ಗೊತ್ತಮ್ಮ."

"ಹಾಗಿದ್ರೆ ಜಮಖಾನ ತಗೊಂಡು ಹೋಗು. ಕಲ್ಲಿನ ನೆಲ, ಶೀತ ಆಗುತ್ತೆ," ಎಂದು ಒಳಗೆ ಹೋದಳು.

ಶುಕ್ರವಾರ ಹತ್ತು ಗಂಟೆಗೆ ಹತ್ತೊಂಬತ್ತು ಜನವೂ ಬಾಗಿಲ ಹೊರಗೆ, ಕಾರಿಡಾರಿನ ನೆಲದ ಮೇಲೆ ಕೂತೆವು. ಟ್ರೇ ಖಾಲಿಯಿತ್ತು. ಯಾರಾದರೂ ಇಬ್ಬರು ಮೂವರು ಕಾಲು ತೆಗೆಯುತ್ತಾರೆ ಎಂದು ನಾನು ಎಣಿಸಿದ್ದೆ. ಯಾರೂ ತೆಗೆಯಲಿಲ್ಲ. ಹಿಂದಿನ ಬೆಂಚಿನ ಹುಡುಗರು ಇಲ್ಲೂ ಹಿಂದೆಯೇ ಗೋಡೆಗೆ ಒರಗಿ ಕೂತಿದ್ದರು.

ಬಂಡೆ ಮೇಷ್ಟ್ರು ಬಂದರು. ನಮ್ಮನ್ನು ದಾಟಿಕೊಂಡು ಒಳಗೆ ಹೋಗಿ ಖಾಲಿ ಬೆಂಚುಗಳನ್ನು ನೋಡಿದರು. ಮತ್ತೆ ಬಾಗಿಲಿಗೆ ಬಂದರು.

"ಏನ್ರಪ್ಪಾ ಇದು?"

"ನಿಯಮ ಪಾಲಿಸ್ತಿದ್ದೀವಿ ಸರ್," ಎಂದೆ. "ಒಳಗೆ ಮೊಬೈಲ್ ತಂದಿಲ್ಲ."

ಅವರು ಒಮ್ಮೆ ಒಳಗಿನ ಬೋರ್ಡಿನ ಕಡೆ ನೋಡಿದರು, ಒಮ್ಮೆ ನಮ್ಮ ಕಡೆ. ಒಳಗೆ ಹೋಗಿ ಖಾಲಿ ಕೋಣೆಗೇ ಪಾಠ ಹೇಳಿ ಬಂದರೂ ಅವರನ್ನು ಕೇಳುವವರಿರಲಿಲ್ಲ. ಕೊನೆಗೆ ಹೊಸ್ತಿಲ ಮೇಲೇ ನಿಂತು, ಕೆಮ್ಮಿ, ಶುರು ಮಾಡಿದರು. ಅಲ್ಲಿ ಬೋರ್ಡಿರಲಿಲ್ಲ. ಬೇರೆ ದಾರಿ ಕಾಣದೆ ಮನುಷ್ಯ ನಮ್ಮ ಮುಖ ನೋಡಿಕೊಂಡು ಪಾಠ ಮಾಡಿದರು, ಅದೂ ಮೊದಲ ಸಲ. ನೆಲದ ಮೇಲಿದ್ದ ಕಲ್ಲುಗಳನ್ನು ಒಂದೊಂದಾಗಿ ಎತ್ತಿ ನಮ್ಮ ಕೈಗೇ ಕೊಟ್ಟರು. ನನ್ನ ಪಾಳಿ ಅಲ್ಲದಿದ್ದರೂ ಅವತ್ತು ನಾನೇ ಕೇಳಿ ಪಡೆದಿದ್ದೆ. ಎಲ್ಲರಿಗಿಂತ ಮುಂದೆ, ಮೇಷ್ಟ್ರ ಕಾಲ ಬಳಿ ಕೂತು ಟೈಪ್ ಮಾಡುತ್ತಿದ್ದೆ. ಗ್ರೂಪ್ ಯಾವುದು ಅಂತ ಮೂರು ಸಲ ನೋಡಿಕೊಂಡೆ. ತಿದ್ದಮ್ಮ ಎದುರು ಗೋಡೆಗೆ ಒರಗಿ ಓದುತ್ತಿದ್ದಳು.

ಇಪ್ಪತ್ತು ನಿಮಿಷಕ್ಕೆ ಮುಖ್ಯಸ್ಥರು ಬಂದರು. ಯಾರೋ ಸುದ್ದಿ ಮುಟ್ಟಿಸಿರಬೇಕು. ನಮ್ಮ ಯಾರ ಕಡೆಯೂ ನೋಡದೆ ನೇರ ಹೊಸ್ತಿಲಿಗೆ ಹೋಗಿ, ಮೇಷ್ಟ್ರ ಪಕ್ಕ ನಿಂತು, ಅವರಿಗಷ್ಟೇ ಕೇಳುವ ಹಾಗೆ ಮಾತಾಡಿದರು. ಕಾಲ ಬಳಿ ಕೂತಿದ್ದ ನನಗೆ ಪ್ರತಿ ಮಾತೂ ಕೇಳಿಸುತ್ತಿತ್ತು. ಬೆರಳು ತನ್ನ ಪಾಡಿಗೆ ಓಡುತ್ತಿತ್ತು.

'ಹೆಚ್‌ಓಡಿ: ಏನ್ರೀ ಇದು, ಹುಡುಗರ ತಾಳಕ್ಕೆ ನೀವೂ ಕುಣೀತಿದ್ದೀರಾ? ಮೇಷ್ಟ್ರು: ಪಾಠ ಆಗ್ಬೇಕಲ್ಲ ಸರ್. ಹೆಚ್‌ಓಡಿ: ಒಬ್ಬಳಿಗೋಸ್ಕರ ಹದಿನೆಂಟು ಜನ ನೆಲದ ಮೇಲೆ?'

ಮುಂದಿನ ಮಾತಿಗೆ ನನ್ನ ಬೆರಳು ನಿಂತಿತು.

"ಆ ಹುಡುಗಿಗೆ ಪಾಠ ಹೇಳಿದ್ರೂ ಒಂದೇ, ಬಿಟ್ರೂ ಒಂದೇ," ಎಂದರು ಅವರು. "ಪಾಸಾಗಿ ತಾನೆ ಏನ್ ಮಾಡ್ತಾಳೆ? ಕಿವಿ ಕೇಳದವಳನ್ನ ಗಣಿಗೆ ಯಾರು ಸೇರಿಸ್ಕೋತಾರೆ? ಪಾಪ, ಇಲ್ಲದ ಆಸೆ ಹುಟ್ಟಿಸ್ಬೇಡಿ. ಈ ಸಲಾನೂ ಫೇಲಾಗ್ಲಿ, ಬೇರೆ ಏನಾದ್ರೂ ಕಲೀತಾಳೆ. ಅದು ಅವಳಿಗೇ ಒಳ್ಳೇದು."

ಅವರ ದನಿಯಲ್ಲಿ ದ್ವೇಷವಿರಲಿಲ್ಲ. ನಿಜವಾಗಿಯೂ ಕನಿಕರವಿತ್ತು. ನನಗೆ ಅದೇ ತಡೆಯಲಾಗಲಿಲ್ಲ. ತಿದ್ದಮ್ಮ ಎದುರಿಗೆ ಮೊಬೈಲ್ ನೋಡುತ್ತಾ ಮುಂದಿನ ಸಾಲಿಗೆ ಕಾಯುತ್ತಿದ್ದಳು. ಇಂಥ ಮಾತನ್ನು ಅವಳ ಕಣ್ಣಿಗೆ ಹಾಕುವುದಾದರೂ ಹೇಗೆ? ಪರೀಕ್ಷೆಗೆ ಐದೇ ವಾರ ಇರುವಾಗ ಅವಳ ಎದೆ ಒಡೆಯುವ ಕೆಲಸ ನಾನೇ ಮಾಡಬೇಕೇ? 'ಹೆಚ್‌ಓಡಿ ಏನೋ ಮಾತಾಡುತ್ತಿದ್ದಾರೆ' ಎಂದು ಟೈಪ್ ಮಾಡಿದೆ. ಕಳಿಸಲು ಬೆರಳು ಎತ್ತಿದೆ. ಅದು 'ಏನಿಲ್ಲ ಬಿಡು' ಅಲ್ಲದೆ ಇನ್ನೇನಾಗಿತ್ತು? ಅವಳಿಗೆ ಯಾವುದು ಒಳ್ಳೆಯದು ಅಂತ ಅವಳ ಬೆನ್ನ ಹಿಂದೆ ತೀರ್ಮಾನ ಮಾಡುವವರು ಅಲ್ಲಿ ಒಬ್ಬರು ಆಗಲೇ ನಿಂತಿದ್ದರು. ಎರಡನೆಯವಳು ನಾನಾಗುವುದರಲ್ಲಿದ್ದೆ.

ಬರೆದದ್ದನ್ನು ಅಳಿಸಿದೆ. ಅವರು ಹೇಳಿದ್ದನ್ನು ಹೇಳಿದ ಹಾಗೆ, ಆ 'ಪಾಪ'ವನ್ನೂ ಬಿಡದೆ ಬರೆದು ಕಳಿಸಿಬಿಟ್ಟೆ.

ಹದಿನೆಂಟು ಮೊಬೈಲುಗಳಲ್ಲಿ ಅದು ಒಟ್ಟಿಗೇ ತೆರೆದುಕೊಂಡಿತು. ತಿದ್ದಮ್ಮ ಒಂದು ಸಲ ಓದಿದಳು. ಮತ್ತೊಮ್ಮೆ ಓದಿದಳು. ಮೊಬೈಲನ್ನು ನೆಲದ ಮೇಲಿಟ್ಟು ಎದ್ದು ನಿಂತಳು.

"ಸರ್," ಎಂದಳು.

ಆ ದನಿ ತೀರಾ ಜೋರಾಗಿತ್ತು, ಮಧ್ಯದಲ್ಲಿ ಒಡೆಯಿತು. ಕಾರಿಡಾರಿನ ಆ ತುದಿಯ ಕೋಣೆಯಿಂದ ಗುಮಾಸ್ತರು ಇಣುಕಿ ನೋಡಿದರು. ಮುಖ್ಯಸ್ಥರು ಬೆಚ್ಚಿ ತಿರುಗಿದರು. ನಾಲ್ಕು ವರ್ಷದಲ್ಲಿ ಅವರು ಅವಳ ದನಿ ಕೇಳಿದ್ದು ಅದೇ ಮೊದಲು.

"ಈಗ ಹೇಳಿದ್ದನ್ನ ನನ್ನ ಮುಖ ನೋಡ್ಕೊಂಡು ಇನ್ನೊಂದ್ಸಲ ಹೇಳಿ ಸರ್. ಫೇಲಾದ್ರೆ ಒಳ್ಳೇದು ಅಂದ್ರಲ್ಲ. ನಿಧಾನಕ್ಕೆ ಹೇಳಿ. ನಂಗೆ ತುಟಿ ಓದೋಕೆ ಬರುತ್ತೆ."

ಮುಖ್ಯಸ್ಥರ ಕೈ ಕನ್ನಡಕಕ್ಕೆ ಹೋಯಿತು.

"ನಾನು ಆ ಅರ್ಥದಲ್ಲಿ ಹೇಳಿದ್ದಲ್ಲಮ್ಮಾ," ಎಂದರು. ನಾನು ಅದನ್ನೂ ಬರೆದೆ. "ಏಯ್, ನೀನೇನು ಬರೀತಿದ್ದೀಯ? ನಿಲ್ಸು," ಎಂದರು. ಅದನ್ನೂ ಬರೆದೆ.

"ಅವಳು ಬರೆಯೋದ್ರಲ್ಲಿ ತಪ್ಪಿರಲ್ಲ ಸರ್," ಎಂದರು ಬಂಡೆ ಮೇಷ್ಟ್ರು. ಅವರ ಕೈಯಲ್ಲಿ ಇನ್ನೂ ಒಂದು ಕಲ್ಲಿತ್ತು. "ಆವತ್ತು ಮೈಕ್ರೋಸ್ಕೋಪಿಂದು ಹೇಳಿದ್ದು ನಾನೇ. ಒಂದಕ್ಷರ ಹೆಚ್ಚಿಲ್ಲ, ಕಮ್ಮಿ ಇಲ್ಲ. ಆವತ್ತೇ ಹೇಳ್ಬೇಕಿತ್ತು."

ಹೇಳಬೇಕಾದ ದಿನ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದ ಮನುಷ್ಯನ ಮೇಲೆ ನನ್ನ ಸಿಟ್ಟು ಆ ಕ್ಷಣಕ್ಕೆ ಪೂರ್ತಿ ಇಳಿಯಿತು ಎಂದರೆ ಸುಳ್ಳಾಗುತ್ತದೆ. ಅರ್ಧ ಇಳಿಯಿತು. ಅವರ ಮಾತನ್ನೂ ಬರೆದೆ.

ಮುಖ್ಯಸ್ಥರು ನಮ್ಮನ್ನೆಲ್ಲ ಒಂದು ಸುತ್ತು ನೋಡಿದರು. ತಿದ್ದಮ್ಮ ಕೂತಿರಲಿಲ್ಲ. ಅವರ ಬಾಯನ್ನೇ ನೋಡುತ್ತಾ ನಿಂತಿದ್ದಳು, ಅವರು ಹೇಳುವವರೆಗೂ ಅಲ್ಲಿಂದ ಕದಲುವುದಿಲ್ಲ ಎನ್ನುವಂತೆ.

"ಪರೀಕ್ಷೆ ಮುಗಿಯೋವರೆಗೆ ಏನಾದ್ರೂ ಮಾಡ್ಕೊಳ್ಳಿ," ಎಂದರು ಅವರು ಕೊನೆಗೆ. "ಆದ್ರೆ ಕ್ಲಾಸಿನ ಒಳಗೆ ಮೊಬೈಲ್ ಬರಕೂಡದು." ತಿರುಗಿ ಹೊರಟರು. ಸುರಿದಿದ್ದ ಕಲ್ಲುಗಳನ್ನು ಎಡವದೆ ದಾಟಲು ಅವರಿಗೆ ಸ್ವಲ್ಪ ಹೊತ್ತು ಹಿಡಿಯಿತು.

ಮೇಷ್ಟ್ರು ಕೆಮ್ಮಿದರು. ಎಲ್ಲಿಗೆ ನಿಲ್ಲಿಸಿದ್ದೆ ಎಂದು ಕೇಳಿದರು. ತಿದ್ದಮ್ಮ ಮೊಬೈಲ್ ಎತ್ತಿಕೊಂಡು ಮೇಲಕ್ಕೆ ಸರಿಸಿ ನೋಡಿ, ನಿಂತಲ್ಲಿಂದಲೇ, ಅದೇ ಜೋರು ದನಿಯಲ್ಲಿ, ಅವರ ಕೊನೆಯ ವಾಕ್ಯವನ್ನು ಓದಿ ಹೇಳಿದಳು. ಪಾಠ ಮುಂದುವರಿಯಿತು.

ಗಂಟೆ ಹೊಡೆದ ಮೇಲೆ ಎಲ್ಲರೂ ಅವಳ ಸುತ್ತ ಸೇರಿ ಬೆನ್ನು ತಟ್ಟಿದರು. ನಾನು ಜಮಖಾನ ಮಡಿಚುತ್ತಾ ದೂರ ಉಳಿದೆ. ಅವಳ ಮುಖ ನೋಡುವ ಧೈರ್ಯ ನನಗೆ ಬರಲಿಲ್ಲ. ಅವಳೇ ಬಂದು ಜಮಖಾನದ ಇನ್ನೊಂದು ತುದಿ ಹಿಡಿದಳು.

"ಅವರು ಅದನ್ನ ಹೇಳಿದಾಗ ನೀನು ತಡ ಮಾಡ್ದೆ," ಎಂದಳು. "ನಿನ್ನ ಹೆಸರಿನ ಮುಂದೆ 'ಬರೆಯುತ್ತಿದ್ದಾರೆ' ಅಂತ ಬಂತು, ಹೋಯ್ತು. ಮತ್ತೆ ಬಂತು. ನಾನು ನೋಡ್ತಾನೇ ಇದ್ದೆ."

"ನಿಂಗೆ ನೋವಾಗುತ್ತೆ ಅಂತ..."

"ಆಯ್ತು ಕಣೇ," ಎಂದಳು. ಅವಳ ಕಣ್ಣು ತುಂಬಿತ್ತು, ಆದರೆ ನೋಟ ನನ್ನ ತುಟಿಯಿಂದ ಕದಲಲಿಲ್ಲ. "ನೋವಾಯ್ತು. ಅದು ನಂದು. ಇನ್ನೊಂದ್ಸಲ ತಡ ಮಾಡ್ಬೇಡ."